ಸುಡದ ತಾಮ್ರ

ಪಂಪಮ್ಮ ಚೊಂಬಿನಿಂದ ಬಿಸಿನೀರು ಸುರಿಯುತ್ತಿದ್ದಳು. ರೇಣುಕಾದೇವಿ ಸತ್ತ ಅಕ್ಕ ತಾಯಕ್ಕನ ಕೈ ತೊಳೆಯುತ್ತಿದ್ದಳು. ಎಷ್ಟು ಉಜ್ಜಿದರೂ ಬೆರಳ ಸಂದಿಯ ಕಪ್ಪು ಬಿಡಲಿಲ್ಲ. ಎಡಗೈ ಹೆಬ್ಬೆರಳ ತುಂಬ ಗೆರೆಗಳು, ಹಳೆಯದರ ಮೇಲೆ ಹೊಸದು.

ಹೊಸಪೇಟೆಯ ಕಾಲುವೆ ದಂಡೆಯ ಗುಜರಿ ಅಂಗಡಿ, ಅದರ ಹಿತ್ತಲಲ್ಲಿ ಒಂದು ತಗಡಿನ ಕೋಣೆ. ತಾಯಕ್ಕ ಅಲ್ಲೇ ಒಬ್ಬಳೇ ಇದ್ದವಳು. ಬೆಳಿಗ್ಗೆ ಬಾಗಿಲು ತೆಗೆಯಲಿಲ್ಲವೆಂದು ಪಕ್ಕದ ಪಂಪಮ್ಮ ತಳ್ಳಿ ನೋಡಿದಾಗ ಮೈ ತಣ್ಣಗಾಗಿತ್ತು. ರಕ್ತಸಂಬಂಧವೆಂದರೆ ಕಂಪ್ಲಿಯ ತಂಗಿಯೊಬ್ಬಳೇ. ಅವಳ ಫೋನ್ ನಂಬರು ಹುಡುಕುವುದರಲ್ಲಿ ಅರ್ಧ ದಿನ ಹೋಗಿತ್ತು.

"ಸುಟ್ಟೂ ಸುಟ್ಟೂ ಕೈ ಹಿಂಗಾಗ್ಯಾವ," ಎಂದಳು ರೇಣುಕಾದೇವಿ.

"ಏನು ಸುಡೋದ್ರಿ?"

"ವೈರು. ಮ್ಯಾಲಿನ ಸಿಪ್ಪಿ ಸುಟ್ಟು ತಾಮ್ರ ತೆಗೀತಿದ್ಲಲ್ಲ."

ಪಂಪಮ್ಮನ ಕೈಯ ಚೊಂಬು ನಿಂತಿತು. "ನಾ ಇಲ್ಲಿಗೆ ಬಂದಾಗಿಂದ ಈಕಿ ಬೆಂಕಿ ಹಚ್ಚಿದ್ದು ಕಂಡಿಲ್ಲವ್ವ. ಎಲ್ಲಾ ಚಾಕೂಲೇ. ಒಂದೊಂದೇ ಎಳಿ ಹಿಡ್ಕಂಡು, ಸೀಳಿ, ಸುಲಿಯೋಳು. ಇವು ಸುಟ್ಟ ಗಾಯ ಅಲ್ಲ, ಕೊಯ್ಕಂಡವು."

ರೇಣುಕಾದೇವಿ ಆ ಕೈಯನ್ನು ತನ್ನ ಅಂಗೈ ಮೇಲಿಟ್ಟುಕೊಂಡು ಮತ್ತೆ ನೋಡಿದಳು.

*

ವರ್ಷಗಳ ಹಿಂದೆ ಅಕ್ಕ ತಂಗಿಯರ ಮನೆಗಳ ನಡುವೆ ಒಂದೇ ಗೋಡೆ. ಗಂಡ ಸತ್ತ ಮೇಲೆ ತಾಯಕ್ಕ ತಂಗಿಯ ಪಕ್ಕಕ್ಕೆ ಬಂದು, ಗುಜರಿ ಅಂಗಡಿಯ ವೈರು ಸುಡುವ ಕೆಲಸ ಹಿಡಿದಿದ್ದಳು. ಸಂಜೆ ಹೊತ್ತಿಗೆ ಕಪ್ಪು ಹೊಗೆ ಎದ್ದು ಮನೆಯೊಳಗಿನ ಅನ್ನದ ತನಕ ನಾರುತ್ತಿತ್ತು. ರೇಣುಕಾದೇವಿಯ ಮಗ ಹೊನ್ನೂರುಸ್ವಾಮಿ ಇನ್ನೂ ಕೂಸು. ತಾಯಕ್ಕನ ಸೊಂಟ ಬಿಟ್ಟು ಇಳಿಯದವನು.

ಒಂದು ಸಂಜೆ ಅವನ ಉಸಿರು ಸಿಕ್ಕಿಕೊಂಡಿತು. ತುಟಿ ನೀಲಿಗಟ್ಟಿತು. ಆಸ್ಪತ್ರೆಯಿಂದ ಜೀವಂತವಾಗಿ ಬಂದನೆಂಬುದೇ ದೊಡ್ಡದು.

"ನನ್ನ ಮಗನ್ನ ತಿನ್ನಾಕ ಕುಂತಿ ನೀನು," ಎಂದು ರೇಣುಕಾದೇವಿ ಓಣಿಯೆಲ್ಲ ಕೇಳುವಂತೆ ಕೂಗಿದಳು. "ಇನ್ನ ನಿನ್ನ ಮುಖ ನೋಡಂಗಿಲ್ಲ!"

ತಾಯಕ್ಕ ಬೆಂಕಿ ಕೆದಕುವ ಕೋಲು ಹಿಡಿದು ನಿಂತೇ ಇದ್ದಳು. ಆ ವಾರವೇ ರೇಣುಕಾದೇವಿ ಗಂಡ, ಮಗನೊಂದಿಗೆ ಕಂಪ್ಲಿಗೆ ಹೋಗಿ ಅಕ್ಕಿ ಗಿರಣಿಯ ಕೂಲಿಗೆ ಸೇರಿದಳು.

*

ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಒಂದೇ ಹೂಮಾಲೆ. ಬಂದವರು ಬೆರಳೆಣಿಕೆಯಷ್ಟು. ಹೊನ್ನೂರುಸ್ವಾಮಿ ತೋರಣಗಲ್ಲಿನ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ, ಕಂಪನಿ ಬಟ್ಟೆಯಲ್ಲೇ ನೇರ ಬಂದಿದ್ದ. ಯಾರ ಪಕ್ಕ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲೇ ಉಳಿದ.

ಗುಜರಿ ಅಂಗಡಿಯ ನಾಗೇಂದ್ರಪ್ಪ ಕುರ್ಚಿ ಎಳೆದುಕೊಂಡು ಕೂತ. "ಭಾಳ ಹಟದಾಕಿ. ಸುಟ್ರ ಒಂದು ತಾಸಿನ ಕೆಲಸ, ಸುಲಿದ್ರ ವಾರ ಹಿಡೀತದ. ಸುಡಬೇ ಅಂದ್ರ ಕೇಳ್ತಿದ್ದಿಲ್ಲ. ಕೂಲಿ ಕಡಿಮಿ ಆದ್ರೂ ಆಗ್ಲಿ ಅನ್ನಾಕಿ."

"ಯಾಕಂತ ಕೇಳ್ಲಿಲ್ಲೇನ್ರಿ?" ರೇಣುಕಾದೇವಿಯ ದನಿ ಸಣ್ಣದಾಗಿತ್ತು.

"ಕೇಳ್ದಾಗೆಲ್ಲ ಒಂದೇ ಮಾತು. 'ಕೂಸು ಮಲಗೈತ್ರಿ, ಹೊಗಿ ಬ್ಯಾಡ.' ಇಲ್ಲಿ ಯಾವ ಕೂಸೈತವ್ವ? ಒಬ್ಬಾಕಿನೇ ಇದ್ದು ಇದ್ದು ತಲಿ ಸ್ವಲ್ಪ ಹಂಗಾಗಿತ್ತೇನೋ ಅನ್ಕಂಡು ಸುಮ್ಮನಾದೆ."

ಯಾರೋ ನಕ್ಕರು. ಹೊನ್ನೂರುಸ್ವಾಮಿ ತಾಯಿಯ ಕಡೆ ಬಗ್ಗಿ, "ಯಾವ ಕೂಸವ್ವ?" ಎಂದ.

ರೇಣುಕಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

*

ಆ ಜಗಳದ ನಂತರ ತಾಯಕ್ಕ ಒಮ್ಮೆ ಕಂಪ್ಲಿಗೆ ಬಂದಿದ್ದಳು. ತಲೆಗೆ ಎಣ್ಣೆ ಹಾಕಿ ಬಾಚಿ, ಮಡಿಸಿಟ್ಟ ಸೀರೆ ಉಟ್ಟು, ಕೈಯಲ್ಲೊಂದು ಮಂಡಕ್ಕಿಯ ಪೊಟ್ಟಣ ಹಿಡಿದು ಬಾಗಿಲ ಮುಂದೆ ನಿಂತಿದ್ದಳು. ಒಳಗೆ ಮಗು ಆಡುತ್ತಿದ್ದ ಸದ್ದಿಗೆ ಕತ್ತು ಚಾಚಿ, "ರೇಣೂ, ನಾನೀಗ..." ಎಂದಳು.

ರೇಣುಕಾದೇವಿ ಬಾಗಿಲು ಹಾಕಿದಳು. ಕೈಗಡ ಕೇಳಲು ಬಂದಿರಬೇಕು ಅಂದುಕೊಂಡಳು. ಅಷ್ಟು ಹತ್ತಿರ ನಿಂತಿದ್ದರೂ ಅಕ್ಕನ ಮೈಯಿಂದ ಹೊಗೆ ನಾರಲಿಲ್ಲ ಎನ್ನುವುದು ಆಗ ಅವಳ ಗಮನಕ್ಕೆ ಬಂದಿತ್ತೋ ಇಲ್ಲವೋ. ಬಂದಿದ್ದರೂ ಬೇಕಿರಲಿಲ್ಲ.

ಪೊಟ್ಟಣ ಹೊಸ್ತಿಲ ಹೊರಗೆ ಉಳಿದಿತ್ತು. ಅದನ್ನು ಕೋಳಿಗಳಿಗೆ ಸುರಿದಳು.

*

ಕುಣಿಗೆ ಇಳಿಸಿದ ಮೇಲೆ ಒಬ್ಬ ಹಿರಿಯ ತಲೆ ಎತ್ತಿ, "ಮೊದಲ ಮಣ್ಣು ಹಾಕಾಕ ಆಕಿ ಪೈಕಿ ಯಾರದಾರ?" ಎಂದ. ನಾಗೇಂದ್ರಪ್ಪ ಗಡಿಯಾರ ನೋಡಿಕೊಂಡ.

"ಹೊನ್ನೂರ, ನೀ ಹಾಕು," ಎಂದಳು ರೇಣುಕಾದೇವಿ.

"ನಾನಾ? ಆಕಿ ಮುಖ ನೋಡಿದ್ದೇ ಇವತ್ತವ್ವ."

"ಆಕಿ ನಿನ್ನ ನೋಡ್ಯಾಳ. ಸೊಂಟದ ಮ್ಯಾಲೆ ಹೊತ್ತು ತಿರುಗ್ಯಾಳ. ಆ ಕೂಸು ನೀನೇ. ನಿನಗ ದೊಡ್ಡವ್ವ ಆಕಿ."

ಅವನು ತಾಯಿಯ ಮುಖ ನೋಡಿದ. ಬಗ್ಗಿ ಬೊಗಸೆಯಲ್ಲಿ ಮಣ್ಣು ತುಂಬಿಕೊಂಡ. ಕಾಲುವೆಯಿಂದ ಸ್ಮಶಾನದ ದಿಬ್ಬದ ತನಕ ಹೆಗಲು ಬದಲಿಸದೆ ಹೆಣ ಹೊತ್ತು ಬಂದಿದ್ದ. ಆದರೂ ಅವನ ಉಸಿರು ಏರಿರಲಿಲ್ಲ. ಎದೆ ಸಮವಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ರೇಣುಕಾದೇವಿ ಕುಣಿಯನ್ನು ಬಿಟ್ಟು ಅದನ್ನೇ ನೋಡುತ್ತ ನಿಂತಳು.

ವಾಪಸು ಬಂದು ಕಾಲು ತೊಳೆದ ಮೇಲೆ ಒಬ್ಬೊಬ್ಬರೇ ಹೊರಟರು. ಹೊನ್ನೂರುಸ್ವಾಮಿ, "ಕಂಪ್ಲಿ ಬಸ್ಸು ತಪ್ತೈತಿ, ನಡಿಯವ್ವ," ಎಂದ.

"ನೀ ಹೋಗಪ. ಮೂರು ದಿನ ದೀಪ ಆರಬಾರದು. ಎಣ್ಣಿ ಹಾಕಾಕ ಯಾರಾರ ಬೇಕಲ್ಲ."

"ಒಬ್ಬಾಕಿನೇ ಇರ್ತಿ?"

"ಇಲ್ಲಿ ಇರಾಕ ಬರ್ತೈತಿ, ಬಿಡು."

ಪಂಪಮ್ಮ ರೊಟ್ಟಿ, ಪಲ್ಯ ತಂದಿಟ್ಟು ಹೋದಳು. ರೇಣುಕಾದೇವಿ ಮುಟ್ಟಲಿಲ್ಲ. ಅಕ್ಕ ಜೀವ ಬಿಟ್ಟಲ್ಲಿ ದೀಪ ಉರಿಯುತ್ತಿತ್ತು. ಕೋಣೆ ಎಷ್ಟು ಸಣ್ಣದೆಂದರೆ ಕಾಲು ಚಾಚಿದರೆ ಬಾಗಿಲಿಗೆ ತಾಗುತ್ತಿತ್ತು. ಹೊರಗೆ ಇನ್ನೂ ಬೆಳಕಿರುವಾಗಲೇ ಅವಳು ಸೆರಗು ಹಾಸಿ, ಮೊಣಕಾಲು ಮಡಚಿಕೊಂಡು ಮಲಗಿದಳು. ಗೋಡೆಯ ಕಡೆ ಅಕ್ಕನಿಗೆ ಸಾಲುವಷ್ಟು ಜಾಗ ಬಿಟ್ಟಿದ್ದಳು.