ಹುಳುಕಿನ ಮೇಲಿನ ಬಣ್ಣ

ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ, ಶೆಡ್ಡಿನಲ್ಲಿ ತಗಡು ಕೆಲಸ ಮಾಡುತ್ತಿದ್ದ ಟಿಂಕರ್ ಸತ್ತವನ ಉಗುರುಗಳನ್ನು ಐದನೆಯ ಸಲ ತಿಕ್ಕುತ್ತಿದ್ದ. ಬಣ್ಣ ಜಪ್ಪಯ್ಯ ಅನ್ನಲಿಲ್ಲ. ನಲವತ್ತು ವರ್ಷ ಬಣ್ಣದಲ್ಲೇ ಕಳೆದ, ಹಳೇ ಕಾರುಗಳಿಗೆ ಹೆಸರಾದ ಪೇಂಟರನ ಉಗುರು. ಕತ್ತರಿಸಿ ನೋಡಿದರೆ ಲೋಕದ ಅಷ್ಟೂ ಬಣ್ಣ ಪದರ ಪದರವಾಗಿ ಸಿಗುತ್ತಿತ್ತು. ಅವನು ಮುಗಿಸಿದ ಬಾನೆಟ್ಟಿನ ಮೇಲೆ ಕೂತ ನೊಣ ಜಾರಿಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಬೀದಿಯವರೆಲ್ಲ ಅವನ ಶೆಡ್ಡಿಗೇ ಬಂದು ಆ ಹೊಳಪಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳುತ್ತಿದ್ದರು. ಎಲ್ಲರೂ ಅಲ್ಲದಿದ್ದರೂ ಒಬ್ಬರಂತೂ ಹೌದು.

“ಬಿಡಪ್ಪ, ಚರ್ಮ ಕಿತ್ತು ಬರುತ್ತೆ,” ಎಂದಳು ಪೇಂಟರನ ಹೆಂಡತಿ.

“ಇನ್ನೊಂದು ಕೈ ನೋಡ್ತೀನಿ ಅತ್ತಿಗೆ.”

“ಶೆಡ್ಡಲ್ಲಿ ಇಷ್ಟು ಮೈ ಬಗ್ಗಿಸಿದ್ದನ್ನ ನಾನು ಕಾಣೆ.”

ಅವಳು ತಮಾಷೆಗೇ ಅಂದದ್ದು. ಅವನ ಕೈ ನಿಂತಿತು.

ಹೊರಗೆ ಹಾರ್ನ್ ಕೇಳಿಸಿತು. ಹಲ್ಲಿನ ಡಾಕ್ಟರು ತಮ್ಮ ಕಡುನೀಲಿ ಕಾರು ತಂದಿದ್ದರು, ಅವಳನ್ನು ಸ್ಮಶಾನದವರೆಗೆ ಕೂರಿಸಿಕೊಂಡು ಹೋಗಲು. ಅವರ ತಾತನ ಕಾಲದ ಕಾರು. ಅದನ್ನು ಹೊಸದು ಮಾಡಿದವನೇ ಪೇಂಟರ್.

“ಬಂಗಾರದಂಥ ಕೈ,” ಎಂದರು ಡಾಕ್ಟರು. “ನನ್ನ ಕಾರಲ್ಲಿ ಒಂದು ಸಲ ಎಡವಿತು, ಅಷ್ಟೇ.”

“ಆ ಒಂದು ಸಲಕ್ಕೇ ಹಳೇ ಕಾರಿನವರೆಲ್ಲ ದೂರ ಆದ್ರಲ್ಲ ಡಾಕ್ಟ್ರೇ,” ಎಂದಳು ಹೆಂಡತಿ. “ ಆಮೇಲೆ ಬರೀ ಗೇಟು, ಬೀರು, ಕಿಟಕಿ ಕಂಬಿ. ‘ನಿಮ್ಮ ಅಸಡ್ಡೆಯಿಂದಲೇ ಹೀಗಾಯ್ತು’ ಅಂತ ಇವರನ್ನ ದಿನಾ ಚುಚ್ತಿದ್ದೆ. ಒಂದು ದಿನಾನೂ ತಿರುಗಿ ಮಾತಾಡ್ಲಿಲ್ಲ ಪುಣ್ಯಾತ್ಮ.”

ಟಿಂಕರ್ ಬಟ್ಟೆಯನ್ನು ಹಿಂಡಿದ, ಅದರಲ್ಲಿ ಒಂದು ಹನಿ ಥಿನ್ನರೂ ಉಳಿದಿಲ್ಲದಿದ್ದರೂ.

*

ಹನ್ನೊಂದು ವರ್ಷದ ಹಿಂದೆ ಆ ಕಾರಿನ ಬಾಗಿಲ ಕೆಳಗೆ ತುಕ್ಕು ತಿಂದು ಆನೆ ನುಗ್ಗುವಷ್ಟು ತೂತಾಗಿತ್ತು. ಅಂದರೆ, ಮುಷ್ಟಿ ಹಿಡಿಸುವಷ್ಟು. ತುಕ್ಕನ್ನು ಕತ್ತರಿಸಿ, ಹೊಸ ತಗಡು ಬೆಸೆದು, ಆಮೇಲೆ ಪುಟ್ಟಿ ಮೆತ್ತಬೇಕು. ಅದು ಟಿಂಕರನ ಪಾಲಿನ ಕೆಲಸ. ಬೆಸುಗೆಯ ಗ್ಯಾಸ್ ಮುಗಿದಿತ್ತು. ಸಿಲಿಂಡರಿನ ಅಂಗಡಿ ಹತ್ತು ಹೆಜ್ಜೆ ದೂರ, ಆದರೆ ಹೊಟ್ಟೆ ತುಂಬ ಉಂಡಿದ್ದ, ಕಣ್ಣು ಎಳೆಯುತ್ತಿತ್ತು. ತನ್ನ ಹಳೇ ಅಂಗಿಯ ತೋಳು ಹರಿದು ತೂತಿಗೆ ತುರುಕಿದ, ಮೇಲೆ ಪುಟ್ಟಿ ಬಳಿದು ನುಣ್ಣಗೆ ಉಜ್ಜಿದ.

“ಬೆಸುಗೆ ಆಯ್ತೇನೋ?”

“ಆಯ್ತಣ್ಣ.”

ಪೇಂಟರ್ ನಂಬಿದ. ನಂಬಿ, ಒಂದರ ಮೇಲೊಂದು ಏಳು ಕೋಟು ಬಣ್ಣ ಹೊಡೆದ.

ಮರುವರ್ಷ ಬಾಗಿಲ ಕೆಳಗೆ ಬಣ್ಣ ಬೊಬ್ಬೆ ಎದ್ದಿತು. ಡಾಕ್ಟರು ನಾಲ್ಕು ಜನ ಗೆಳೆಯರನ್ನೂ ಕರೆತಂದಿದ್ದರು, ಎಲ್ಲರೂ ಹಳೇ ಕಾರಿನವರೇ. ಪೇಂಟರ್ ಮಂಡಿಯೂರಿ ಕೆರೆದ. ಪುಟ್ಟಿ ಉದುರಿ ಅಂಗಿಯ ತೋಳು ಇಣುಕಿತು, ಗುಂಡಿಯ ಸಮೇತ. ಅವನು ಟಿಂಕರನ ಮುಖ ನೋಡಿದ. ಟಿಂಕರ್ ಚಾವಣಿ ನೋಡಿದ. ಪೇಂಟರ್ ಬಟ್ಟೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದ.

“ಪ್ರೈಮರ್ ಒಣಗೋ ಮೊದ್ಲೇ ಬಣ್ಣ ಹೊಡೆದುಬಿಟ್ಟೆ ಡಾಕ್ಟ್ರೇ. ತಪ್ಪು ನಂದೇ.”

ಮರುದಿನ ಗ್ಯಾಸ್ ಸಿಲಿಂಡರನ್ನು ತಾನೇ ಹೊತ್ತು ತಂದು ಟಿಂಕರನ ಮುಂದಿಟ್ಟ.

*

“ಅದು ನಾನು ಅತ್ತಿಗೆ,” ಎಂದ ಟಿಂಕರ್. ಎಲ್ಲವನ್ನೂ ಹೇಳಿದ, ಉಂಡು ಕಣ್ಣೆಳೆದದ್ದನ್ನೂ ಬಿಡದೆ.

ಮೊದಲು ಬಾಯಿ ಬಂದದ್ದು ಡಾಕ್ಟರಿಗೆ. “ಹುಳುಕು ತೆಗೀದೆ ತುಂಬಿಬಿಟ್ಯಾ? ಹಲ್ಲಿಗೆ ಹೀಗೆ ಮಾಡಿದ್ರೆ ನನ್ನನ್ನ ಊರಲ್ಲಿ ಇಟ್ಕೊಳ್ತಿದ್ರಾ?”

ಹೆಂಡತಿ ಗಂಡನ ಮುಖವನ್ನೇ ನೋಡುತ್ತಿದ್ದಳು. “ಹಾಗಾದ್ರೆ ಇಷ್ಟು ವರ್ಷ ನಾನು ಬೈದಿದ್ದು ಯಾರನ್ನ?”

“ಕಾಲಿಗೆ ಬೀಳ್ತೀನಿ ಅತ್ತಿಗೆ.”

“ನೀನು ನನ್ನ ಕಾಲಿಗೆ ಬೀಳ್ತೀಯ. ನಾನು ಯಾರ ಕಾಲಿಗೆ ಬೀಳ್ಲಿ?”

ಹೆಣ ಎತ್ತುವಾಗ ಅವನು ಹೆಗಲು ಕೊಡಲು ಮುಂದಾದ.

“ನೀನು ಬೇಡ,” ಎಂದಳು ಹೆಂಡತಿ.

“ಹಿಂದೆ ನಡ್ಕೊಂಡಾದ್ರೂ ಬರ್ತೀನಿ.”

“ನಡೆಯೋಳು ನಾನು. ನೀನು ಕಾರಲ್ಲಿ ಕೂತ್ಕೊ.”

ಮಂಡಿನೋವಿನವಳು ಕುಂಟುತ್ತ ಹೊರಟಳು. ಡಾಕ್ಟರು ಟಿಂಕರನಿಗೆ ಹಿಂದಿನ ಬಾಗಿಲು ತೆರೆದರು. ಕಾರು ಎಲ್ಲರ ಹಿಂದೆ, ಇರುವೆಯೂ ಬೇಸತ್ತು ದಾಟಿಹೋಗುವಷ್ಟು ನಿಧಾನವಾಗಿ ತೆವಳಿತು. ಮಿರುಗುವ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬನೇ ಕೂತವನನ್ನು ಕಂಡು, ಸತ್ತವನಿಗೆ ಇವನೇ ಹತ್ತಿರದವನಿರಬೇಕೆಂದು ಸ್ಮಶಾನದ ಬೀದಿಯ ಅಂಗಡಿಯವರು ಎದ್ದು ನಿಂತು ತಲೆಬಾಗಿದರು. ಟಿಂಕರ್ ಸೀಟಿನಲ್ಲಿ ಕೆಳಗೆ ಜಾರಿದ. ಇನ್ನಷ್ಟು ಜಾರಿದ. ಬೀದಿಯ ಕೊನೆಯ ಹೊತ್ತಿಗೆ ಕಿಟಕಿಯಲ್ಲಿ ಅವನ ನೆತ್ತಿ ಮಾತ್ರ ಕಾಣುತ್ತಿತ್ತು. ಜನ ಅದಕ್ಕೂ ತಲೆಬಾಗಿದರು.