ಬಡಗಿ ಹೊಲಿದ ಕೌದಿ

ಬಡಗಿಯ ಹೆಂಡತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಾಗ ಕೌದಿಗೆ ಅಂಚು ಹಚ್ಚಿ ಅಡಿಬಟ್ಟೆ ಸೇರಿಸುವುದಷ್ಟೇ ಬಾಕಿಯಿತ್ತು. ಭಾನುವಾರ ಅಳಿಯ ಮೊಮ್ಮಗಳನ್ನು ಕರೆದುಕೊಂಡು ಬರುವವನಿದ್ದ. ತಾಯಿ ತೀರಿಕೊಂಡು ಹತ್ತು ತಿಂಗಳಾದರೂ ಆ ಮಗುವಿಗೆ ನೆಟ್ಟಗೆ ನಿದ್ದೆಯಿಲ್ಲ. "ಅಮ್ಮನ ಸೀರೇಲಿ ಹೊದಿಕೆ ಮಾಡಿಕೊಡು ಅಜ್ಜಿ, ಆಗ ಮಲಗ್ತೀನಿ" ಎಂದು ಫೋನಿನಲ್ಲಿ ಕೇಳಿತ್ತು. ಅಂದಿನಿಂದ ಅಜ್ಜಿ ಮಗಳ ಸೀರೆಗಳನ್ನು ಚೌಕ ಚೌಕವಾಗಿ ಕತ್ತರಿಸಿ ಜೋಡಿಸುತ್ತಲೇ ಇದ್ದಳು. ಹೊರಗಿನ ಸಾಲಿಗೆ ತನ್ನದೊಂದು ಹಳೆಯ ಸೀರೆ, ಗಂಡನ ಎರಡು ಅಂಗಿ ಹಾಕಿದ್ದಳು. ಮೊಮ್ಮಗಳ ಮೈಮೇಲೆ ತಮ್ಮದೂ ಇಷ್ಟು ಇರಲಿ ಎಂಬ ಆಸೆ. ಅಂಚಿಗೆಂದು ಬಿಳಿ ಚುಕ್ಕಿಯ ನೀಲಿ ಸೀರೆಯನ್ನು ಎತ್ತಿಟ್ಟಿದ್ದಳು. ಮಗಳು ಮೊದಲ ದಿನ ಕೆಲಸಕ್ಕೆ ಉಟ್ಟುಕೊಂಡು ಹೋದದ್ದು ಅದನ್ನೇ. ಸವೆದು ಪಿಸಿದು ಹೋದ ಕಡೆ ಬಿಟ್ಟರೆ ನಾಲ್ಕು ಪಟ್ಟಿಗೆ ಸರಿಯಾಗಿ ಬಟ್ಟೆಯಿತ್ತು, ಹೆಚ್ಚಿಗೆ ಒಂದು ಗೇಣೂ ಇರಲಿಲ್ಲ.

ಬಡಗಿ ಮಾತಿನ ಮನುಷ್ಯನಲ್ಲ. ಮಗಳು ಹೋದ ಮೇಲಂತೂ ಅವಳ ಸುದ್ದಿಯನ್ನೇ ಎತ್ತಿರಲಿಲ್ಲ. ಹೆಂಡತಿ ಎತ್ತಿದರೆ ಎದ್ದು ಹಿತ್ತಲಿನ ಕೊಟ್ಟಿಗೆಗೆ ಹೋಗಿ, ಕೀಸಿದ ಹಲಗೆಯನ್ನೇ ಮತ್ತೆ ಕೀಸುತ್ತ ಕೂರುತ್ತಿದ್ದ. ಅಂಥವನು ಗುರುವಾರ ಬೆಳಿಗ್ಗೆ ತಾನಾಗಿ ಬಾಯಿಬಿಟ್ಟ.

"ಅಂಚು ನಾನು ಹೊಲೀತೀನಿ."

"ನೀವಾ? ಅಂಗಿಗೆ ಗುಂಡಿ ಹಚ್ಚೋಕೂ ನನ್ನನ್ನ ಕೂಗೋರು!"

"ಮೂಲೇಲಿ ಎರಡು ಪಟ್ಟಿ ಓರೆಯಾಗಿ ಸೇರಬೇಕು, ಅಷ್ಟೇ ತಾನೆ? ನಲವತ್ತು ವರ್ಷದಿಂದ ಚೌಕಟ್ಟು ಮಾಡ್ತಿದ್ದೀನಿ ಕಣೇ. ಮರ ಆದ್ರೇನು, ಬಟ್ಟೆ ಆದ್ರೇನು?"

"ನಾನು ಆಸ್ಪತ್ರೆಗೆ ಹೋಗಿ ಬರೋ ತನಕ ಕತ್ತರಿ ಮುಟ್ಟಬೇಡಿ" ಎಂದು ಹೇಳಿ ಅವಳು ಪಕ್ಕದ ಮನೆಯಾಕೆಯ ಜೊತೆ ಆಟೋ ಹತ್ತಿದಳು.

ಹೇಳಿದ ಮಾತು ಕೇಳುವ ಜಾಯಮಾನವೇ ಅವನದು? ಆಟೋ ತಿರುವು ದಾಟುವಷ್ಟರಲ್ಲಿ ಮೂಲೆಮಟ್ಟ ತಂದ, ಕಿವಿಯ ಮೇಲಿನ ಪೆನ್ಸಿಲ್ ತೆಗೆದ. ನೀಲಿ ಸೀರೆಯನ್ನು ನಾಲ್ಕು ಪಟ್ಟಿ ಮಾಡಿ, ಎಂಟು ತುದಿಗಳಿಗೂ ಓರೆಯಾಗಿ ಗೀಟು ಹಾಕಿ, ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಕತ್ತರಿಸಿದ. ಕೌದಿಯ ಸುತ್ತ ಇಟ್ಟು ನೋಡಿದರೆ ಕಿಟಕಿಗೆ ಚೌಕಟ್ಟು ಕೂರಿಸಿದಷ್ಟು ಚೆನ್ನಾಗಿ ಕೂತಿತ್ತು. ಹತ್ತು ತಿಂಗಳಲ್ಲಿ ಮೊದಲ ಸಲ ಅವನಿಗೆ ತನ್ನ ಕೈಯಿಂದ ಏನೋ ಒಳ್ಳೆಯದಾಯಿತು ಅನ್ನಿಸಿತು.

ಹೆಂಡತಿ ಬಂದು ನೋಡಿದವಳೇ ಮಂಚದ ಮೇಲೆ ಕುಸಿದಳು.

"ಹೊಲಿಗೆಯ ಒಳಗೆ ಹೋಗೋ ಬಟ್ಟೆ ಎಲ್ಲಿಂದ ತರ್ತೀರಿ? ಮರ ಮೊದಲು ಕೊಯ್ದು ಆಮೇಲೆ ಸೇರಿಸ್ತೀರಿ. ಬಟ್ಟೆ ಹಾಗಲ್ಲ ರೀ. ಮೊದಲು ಹೊಲೀಬೇಕು, ಕತ್ತರಿಸೋದು ಕಟ್ಟಕಡೆಗೆ. ಓರೆಯಾಗಿ ಕತ್ತರಿಸಿದ ತುದಿ ಹಿಡಿದ್ರೆ ಸಾಕು, ಹಿಗ್ಗಿಬಿಡುತ್ತೆ."

"ಬೇರೆ ಬಟ್ಟೆ ತಂದ್ರೆ..."

"ಅವಳ ಸೀರೆ ಯಾವ ಅಂಗಡೀಲಿ ಸಿಗುತ್ತೆ?"

ಹಲಗೆ ಕೆಟ್ಟರೆ ಇನ್ನೊಂದು ಹಲಗೆ. ಅವನ ಕಸುಬಿನಲ್ಲಿ ಅದಕ್ಕೆ ಯಾರೂ ಅಳುವುದಿಲ್ಲ. ಅವಳು ನಾಲ್ಕು ಬೈದಿದ್ದರೂ ಹಗುರವಾಗುತ್ತಿತ್ತೇನೋ. ಬೈಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವಳೇ ಕೌದಿಯನ್ನು ಎಡಗೈಯಲ್ಲಿ ಎಳೆದು ಅವನ ಮುಂದೆ ಹಾಕಿದಳು. ಅಡಿಬಟ್ಟೆ ಇನ್ನೂ ಸೇರಿಸಿರಲಿಲ್ಲ.

"ಹೊರಗಿನ ಸಾಲು ಬಿಚ್ಚಿ. ಕೌದಿ ಚಿಕ್ಕದಾದ್ರೆ ಪಟ್ಟಿ ಸಾಲುತ್ತೆ."

"ಅದು ನಮ್ಮ ಸಾಲು ಅಲ್ವೇನೇ?"

"ನಮ್ಮದೇ. ನಾವಿನ್ನೂ ಬದುಕಿದ್ದೀವಲ್ಲ, ನಮ್ಮನ್ನ ನೋಡ್ಬೇಕು ಅಂದ್ರೆ ಬಂದು ನೋಡ್ತಾಳೆ. ಬಿಚ್ಚಿ."

ಅವನು ಬಿಚ್ಚಿದ. ಆಮೇಲೆ ಎರಡು ದಿನ ಅವಳು ಪಕ್ಕದಲ್ಲಿ ಕೂತು ಎಡಗೈ ಬೆರಳಿನಿಂದ ತೋರಿಸುತ್ತ ಹೋದಳು, ಅವನು ಕನ್ನಡಕ ಮೂಗಿನ ತುದಿಗಿಳಿಸಿ ಹೊಲಿಯುತ್ತ ಹೋದ.

"ಮೂಲೆಗೆ ಕಾಲಂಗುಲ ಇದೆ ಅನ್ನುವಾಗ ನಿಲ್ಲಿಸಿ. ನಿಲ್ಲಿಸಿ ಅಂದ್ನಲ್ಲ! ಪೂರ್ತಿ ಹೊಲಿದ್ರೆ ಮೂಲೆ ಸುಕ್ಕಾಗುತ್ತೆ. ಈಗ ಎರಡೂ ಪಟ್ಟಿ ಒಂದರ ಮೇಲೊಂದು ಮಡಚಿ. ಒಳಗಿಂದ ಹೊರಗೆ ಓರೆಯಾಗಿ ಹೊಲೀರಿ. ಎಳೀಬೇಡಿ."

ಮೊದಲ ಮೂಲೆಯನ್ನು ಮೂರು ಸಲ ಬಿಚ್ಚಿಸಿದಳು. ಉಳಿ ಹಿಡಿದು ದೊರಗಾದ ಬೆರಳಿಗೂ ಸೂಜಿ ಹೊಕ್ಕಿತು. ನೀಲಿ ಬಟ್ಟೆಗೆ ರಕ್ತ ತಾಗೀತೆಂದು ಅವನು ಬೆರಳಿಗೆ ಚಿಂದಿ ಸುತ್ತಿಕೊಂಡ. ಶನಿವಾರ ಸಂಜೆಗೆ ನಾಲ್ಕೂ ಮೂಲೆ ಸುಕ್ಕಿಲ್ಲದೆ ಮಲಗಿದವು. ಪ್ರತಿ ಮೂಲೆಯ ಹಿಂದೆ ಈಗ ಮೂರು ಬೆರಳಗಲ ಬಟ್ಟೆ ಹೆಚ್ಚಾಗಿ ಉಳಿದಿತ್ತು.

"ಈಗ ಕತ್ತರಿಸಿ. ಇಲ್ಲದಿದ್ರೆ ಅಡಿಬಟ್ಟೆ ಹಾಕಿದ ಮೇಲೆ ದಪ್ಪಗಾಗುತ್ತೆ."

ಅವನು ಕತ್ತರಿ ತೆಗೆದುಕೊಂಡ, ತೆರೆದ, ಹಾಗೇ ಕೂತ.

"ನನ್ನ ಕೈಲಿ ಆಗಲ್ಲ ಕಣೇ" ಎಂದು ಕೆಳಗಿಟ್ಟ.

ಕಸುಬು ಗೊತ್ತಿದ್ದವಳು ಒಪ್ಪಬಾರದಿತ್ತು. ಅವಳು ಕತ್ತರಿಯನ್ನು ದೂರ ಸರಿಸಿ, "ಒಳಗೇ ಮಡಚಿ ಹೊಲೀರಿ" ಎಂದಳು. ಆ ರಾತ್ರಿ ಎಚ್ಚರವಿದ್ದು ಅವನು ಅಡಿಬಟ್ಟೆಯನ್ನೂ ಸೇರಿಸಿದ.

ಭಾನುವಾರ ಮಧ್ಯಾಹ್ನ ಮೊಮ್ಮಗಳು ಚಾಪೆಯ ಮೇಲೆ ಕೌದಿ ಹೊದ್ದು ಮಲಗಿ, ಕಣ್ಣು ಬಿಟ್ಟುಕೊಂಡೇ ಇದ್ದಳು. ಅವಳ ಬೆರಳು ಸುಮ್ಮನಿರದೆ ಒಂದು ಮೂಲೆಗೆ ಬಂದು ನಿಂತಿತು.

"ತಾತ, ಇಲ್ಲೇನೋ ದಪ್ಪಗಿದೆ."

"ನಿಮ್ಮಮ್ಮನ ಸೀರೆ ಪುಟ್ಟಿ. ಕತ್ತರಿಸೋಕೆ ನನಗೆ ಮನಸ್ಸು ಬರಲಿಲ್ಲ."

"ಅಮ್ಮ ಇದನ್ನ ಉಟ್ಕೊಂಡಿದ್ದು ನೀನು ನೋಡಿದ್ಯಾ?"

ಬಡಗಿ ಕೊಟ್ಟಿಗೆಯ ಕಡೆ ನೋಡಿದ. ಏಳಬೇಕೆನ್ನಿಸಿತು, ಏಳಲಿಲ್ಲ.

"ನೋಡ್ದೆ. ಬೆಳಿಗ್ಗೆ ಎಂಟು ಗಂಟೆ. ಗೇಟಿನ ತನಕ ಹೋದವಳು ಎರಡು ಸಲ ವಾಪಸ್ ಬಂದ್ಲು. ಒಂದ್ಸಲ ಊಟದ ಡಬ್ಬಿ ಮರೆತಿದ್ಲು. ಇನ್ನೊಂದ್ಸಲ ಏನೂ ಮರೆತಿರಲಿಲ್ಲ. ಸುಮ್ಮನೆ ಬಂದು, ಅಪ್ಪ ನಂಗೆ ಭಯ ಆಗ್ತಿದೆ ಅಂದ್ಲು. ನಾನು ಅವಳ ಜೊತೆ ಬಸ್‌ಸ್ಟಾಪಿನ ತನಕ ನಡ್ಕೊಂಡು ಹೋದೆ. ದಾರೀಲಿ..."

ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳದೆ ಮುಂದುವರಿಸಿದ. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಳು. ಅವನ ಮಾತಿನಲ್ಲಿ ಬಸ್ಸು ಬರುವ ಹೊತ್ತಿಗೆ ಮಗುವಿನ ಉಸಿರು ನಿಧಾನವಾಗಿತ್ತು. ಮೊಮ್ಮಗಳು ನಿದ್ದೆ ಹೋದದ್ದು ಅವನಿಗೆ ಗೊತ್ತಾಯಿತು. ಆದರೂ ನಿಲ್ಲಿಸಲಿಲ್ಲ, ಸಂಜೆ ಮಗಳು ಯಾವ ಬಸ್ಸಿಗೆ ಮನೆಗೆ ಬಂದಳು, ಬಂದವಳು ಏನು ಹೇಳಿದಳು ಎಂಬುದನ್ನೂ ಹೇಳುತ್ತ ಹೋದ.