ನಾಲ್ಕೂವರೆ ಅಡಿಯ ಕಟ್ಟೆ

ನಮ್ಮತ್ತೆಯವರಿಗೆ ಕತ್ತು ತಿರುಗುವುದಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ, ಇಕ್ಕಟ್ಟಿನ ಓಣಿಯಲ್ಲಿ ಲಾರಿ ತಿರುಗಿಸಿದ ಹಾಗೆ. ಮೂವತ್ತೊಂದು ವರ್ಷ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತದ್ದಕ್ಕೆ ಸಿಕ್ಕ ಬಹುಮಾನ ಅದು. ಒಂದು ಗಂಟು ನಲವತ್ತು ಕಿಲೋ. ನನ್ನ ಹೆಂಡತಿಯ ತೂಕಕ್ಕಿಂತ ತುಸು ಕಡಿಮೆ, ಆದರೆ ಈ ಮಾತನ್ನು ಅವಳೆದುರು ಆಡುವಂತಿಲ್ಲ.

ಸಗಟು ಬಟ್ಟೆಯ ಓಣಿಯಿಂದ ಹೊರಟು, ದೊಡ್ಡ ರಸ್ತೆ ದಾಟಿ, ಬಸ್ ನಿಲ್ದಾಣದ ಸರಕು ಕೋಣೆಗೆ ಗಂಟು ಮುಟ್ಟಿಸುವುದು ಅವರ ಕೆಲಸ. ದಿನಕ್ಕೆ ಇಪ್ಪತ್ತು ಸಲ. ಹೀಗೆ ಹೊರುವವರು ಒಟ್ಟು ಇಪ್ಪತ್ಮೂರು ಹೆಂಗಸರು. ಗಂಟನ್ನು ತಲೆಗೇರಿಸಲು ಇನ್ನೊಬ್ಬರ ಕೈ ಬೇಕು, ಇಳಿಸಲೂ ಬೇಕು. ನಡುದಾರಿಯಲ್ಲಿ ಆ ಇನ್ನೊಂದು ಕೈ ಎಲ್ಲಿಂದ ಬರಬೇಕು? ಹಾಗಾಗಿ ಓಣಿಯಲ್ಲಿ ಹೊತ್ತದ್ದನ್ನು ನಿಲ್ದಾಣದಲ್ಲೇ ಇಳಿಸಬೇಕು. ಮಧ್ಯೆ ಬಾಯಾರಿದರೆ ಬಾಯಾರಿಕೊಂಡೇ ನಡೆಯಬೇಕು. ಮೂಗು ತುರಿಸಿದರೆ ಒಂದು ಕೈ ಬಿಟ್ಟು ತುರಿಸಿಕೊಳ್ಳಬಹುದು. ಬೆನ್ನು ತುರಿಸಿದರೆ ದೇವರೇ ಗತಿ.

ನಾನು ಈ ಮನೆಗೆ ಮನೆ ಅಳಿಯ. ಎರಡು ಕೋಣೆಯ ಮನೆ, ನಡುವೆ ಒಂದು ಪರದೆ. ವಿನ್ಯಾಸದ ಕಚೇರಿಯೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ನಕ್ಷೆ ಎಳೆಯುವುದು ನನ್ನ ಉದ್ಯೋಗ. ಅತ್ತೆಯವರು ಅಕ್ಕಪಕ್ಕದವರಿಗೆ "ನಮ್ಮ ಅಳಿಯಂದಿರು ಕೂತ್ಕೊಂಡೇ ಸಂಬಳ ತಗೋತಾರೆ" ಎಂದು ಹೇಳುತ್ತಿದ್ದರು. ಹೆಮ್ಮೆಯೋ ವ್ಯಂಗ್ಯವೋ ತಿಳಿಯುತ್ತಿರಲಿಲ್ಲ. ಕಚೇರಿಗೆ ಸೇರಿದ ದಿನವೇ ನಮ್ಮ ಸರ್ ನನಗೊಂದು ಪಾಠ ಹೇಳಿದ್ದರು: "ಹೇಳಿದಷ್ಟು ಮಾಡಿ. ತಲೆ ಓಡಿಸೋದು ನನ್ನ ಕೆಲಸ." ಆರು ವರ್ಷ ನನ್ನ ತಲೆಗೆ ಪೂರ್ತಿ ವಿಶ್ರಾಂತಿ.

ಹೀಗಿರುವಾಗ ನಗರಸಭೆಯವರಿಗೆ ದೊಡ್ಡ ರಸ್ತೆಯ ಮೇಲೆ ಒಂದು ಸ್ಕೈವಾಕ್ ಕಟ್ಟುವ ಮನಸ್ಸಾಯಿತು. ಜನ ಮೇಲೆ ನಡೆಯಲಿ, ವಾಹನ ಕೆಳಗೆ ಓಡಲಿ ಎಂಬ ಲೆಕ್ಕಾಚಾರ. ಯಾರೂ ಕೆಳಗೆ ದಾಟದ ಹಾಗೆ ರಸ್ತೆಯ ನಟ್ಟನಡುವೆ ಎದೆಮಟ್ಟದ ಕಬ್ಬಿಣದ ಬೇಲಿಯೂ ಬರಲಿತ್ತು. ವಿನ್ಯಾಸದ ಕೆಲಸ ನಮ್ಮ ಕಚೇರಿಗೆ ಬಂತು. ಅತ್ತೆಯವರಿಗೆ ಬೇಲಿಯ ವಿಷಯ ಹೇಳಿದಾಗ ಅವರು ತಿನ್ನುತ್ತಿದ್ದ ಅನ್ನವನ್ನು ಹಾಗೇ ಬಿಟ್ಟರು. ಗಂಟು ಹೊತ್ತು ಮೆಟ್ಟಿಲು ಹತ್ತಲಾಗದು, ಕೆಳಗೆ ದಾಟುವಂತಿಲ್ಲವೆಂದರೆ ಆಚೆ ಸಿಗ್ನಲ್‌ವರೆಗೆ ಸುತ್ತಿ ಬರಬೇಕು. ಇಪ್ಪತ್ತು ಸಲದ ಕೆಲಸ ಒಂಬತ್ತು ಸಲಕ್ಕೆ ಇಳಿಯುತ್ತದೆ, ಮನೆಯ ಒಲೆಯ ಉರಿಯೂ ಅಷ್ಟೇ ಇಳಿಯುತ್ತದೆ.

"ಹಾಗಾದ್ರೆ ಆ ಮೇಲಿನ ದಾರಿ ನಮ್ಮ ಗಂಟಿಗೂ ಆಗೋ ಹಾಗೆ ಇರ್ಬೇಕು," ಎಂದರು. "ನಿಮ್ಮ ಸಾರ್‌ನ ಒಂದು ಸಲ ಕರ್ಕೊಂಡು ಬನ್ನಿ."

ಸರ್ ಬಂದರು. ಇಲ್ಲದ್ದು ಹೇಳಬಾರದು, ಬಂದರು, ಖುಷಿಯಿಂದಲೇ ಬಂದರು. ಬರೀ ಕಚೇರಿಯಲ್ಲಿ ಕೂತು ವಿನ್ಯಾಸ ಮಾಡಬಾರದು, ಜನರ ಜೊತೆ ನಡೆದು ಮಾಡಬೇಕು ಎಂದು ಅವರು ಎಲ್ಲೋ ಓದಿದ್ದರಂತೆ. ಹನ್ನೊಂದು ದಿನ ಹೆಂಗಸರ ಹಿಂದೆ ನಡೆದರು. ಒಮ್ಮೆ ತಲೆಯ ಮೇಲೆ ಬರಿಯ ಬಟ್ಟೆಯ ಸಿಂಬೆ ಇಟ್ಟುಕೊಂಡು ಹತ್ತು ಹೆಜ್ಜೆ ಹಾಕಿ, ಕತ್ತು ಉಳುಕಿತೆಂದು ಸಂಜೆ ಮುಲಾಮು ಹಚ್ಚಿಕೊಂಡರು. ಯಾವ ಹೊತ್ತಿನಲ್ಲಿ ಯಾವ ಕಡೆ ನೆರಳು, ಎಲ್ಲಿ ಕಾಲು ಜಾರುತ್ತದೆ, ಎಷ್ಟು ಹೆಜ್ಜೆಗೆ ಉಸಿರು ಕಟ್ಟುತ್ತದೆ, ಎಲ್ಲವನ್ನೂ ಅತ್ತೆ ತೋರಿಸಿದರು, ಸರ್ ಬರೆದುಕೊಂಡರು. ಮೆಟ್ಟಿಲು ಬೇಡ, ಇಳಿಜಾರು ಇರಲಿ ಎಂದದ್ದು ಅತ್ತೆ. ಸೇತುವೆಯ ನಡುವೆ ಒಂದು ಉದ್ದನೆಯ ಕಟ್ಟೆ ಇರಲಿ, ಇನ್ನೊಬ್ಬರ ಕೈ ಬೇಡದೆ ಗಂಟನ್ನು ತಲೆಯಿಂದ ನೇರ ಅದರ ಮೇಲೆ ಸರಿಸುವಂತಿರಲಿ, ಸುಧಾರಿಸಿಕೊಂಡು ಮತ್ತೆ ತಾವೇ ತಲೆಗೆ ಎಳೆದುಕೊಳ್ಳುವಂತಿರಲಿ ಎಂದದ್ದೂ ಅತ್ತೆಯೇ.

ಕಟ್ಟೆಯ ಎತ್ತರ ಎಷ್ಟು ಎಂಬುದಕ್ಕೆ ಓಣಿಯಲ್ಲಿ ಅರ್ಧ ದಿನ ಜಗಳವಾಯಿತು. ಇಪ್ಪತ್ಮೂರು ಹೆಂಗಸರು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಎತ್ತರದವರು ಐದೂಕಾಲು ಅಡಿ ಇದ್ದರು, ಎಲ್ಲರಿಗಿಂತ ಗಿಡ್ಡವಳನ್ನು ಎಲ್ಲರೂ ಕುಳ್ಳಿ ಎಂದೇ ಕರೆಯುತ್ತಿದ್ದರು. ಸರ್ ಎಲ್ಲರ ಅಳತೆ ಕೂಡಿಸಿ ಸರಾಸರಿ ತೆಗೆಯುತ್ತೇನೆ ಎಂದರು. ಅತ್ತೆ ಒಪ್ಪಲಿಲ್ಲ.

"ಉದ್ದ ಇರೋರು ಮಂಡಿ ಬಗ್ಗಿಸ್ಬಹುದು ಸಾರ್. ಕುಳ್ಳಿ ಎಲ್ಲಿಂದ ಉದ್ದ ಆಗ್ತಾಳೆ? ಅವಳ ಅಳತೆಗೇ ಕಟ್ಟಿ."

ಕುಳ್ಳಿ ಗೋಡೆಗೆ ನಿಂತಳು. ಸರ್ ತಮ್ಮದೇ ಟೇಪು ಹಿಡಿದು ನೆಲದಿಂದ ಅವಳ ಹುಬ್ಬಿನವರೆಗೆ ಅಳೆದರು. ನಾಲ್ಕೂವರೆ ಅಡಿ. ಹುಟ್ಟಿದಾಗಿನಿಂದ ಕುಳ್ಳಿ ಎನಿಸಿಕೊಂಡವಳಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಾನು ಕಚೇರಿಗೆ ಹೋಗಿ ನಕ್ಷೆಯಲ್ಲಿ ಎಳೆದೆ, ಪಕ್ಕದಲ್ಲಿ ಬರೆದೆ: 'ಹೊರೆ ಇಳಿಸುವ ಕಟ್ಟೆ, ಎತ್ತರ ನಾಲ್ಕೂವರೆ ಅಡಿ.' ಆರು ವರ್ಷದಲ್ಲಿ ನಾನು ಎಳೆದ ಗೆರೆಗಳಲ್ಲಿ ಕಾಗದದ ಆಚೆಗೂ ಕಂಡ ಗೆರೆ ಅದೊಂದೇ.

ನಗರಸಭೆಯಲ್ಲಿ ವಿನ್ಯಾಸ ತೋರಿಸುವ ದಿನ ಸರ್ ಮೊದಲು ಹಾಕಿದ್ದು ಅತ್ತೆಯವರ ಚಿತ್ರ. ತಲೆಯ ಮೇಲೆ ಗಂಟು, ಹಣೆಯಲ್ಲಿ ಬೆವರು. ಕೆಳಗೆ 'ಈ ದಾರಿ ಇವರಿಗಾಗಿ' ಎಂದು ಬರೆದಿತ್ತು. ಅಧಿಕಾರಿಗಳು ಚಪ್ಪಾಳೆ ತಟ್ಟಿದರು, ಒಬ್ಬರು ಕಣ್ಣನ್ನೂ ಒರೆಸಿಕೊಂಡರು. ನಕ್ಷೆಗೆ ಒಪ್ಪಿಗೆ ಸಿಕ್ಕಿತು. ಉದ್ಘಾಟನೆಯ ಫಲಕದಲ್ಲಿ ನಿಮ್ಮ ಹೆಸರೂ ಹಾಕಿಸ್ತೀನಮ್ಮ ಎಂದು ಸರ್ ಅತ್ತೆಯವರ ಮೂಗಿಗೆ ತುಪ್ಪ ಸವರಿ ಹೋದರು.

ಎರಡು ತಿಂಗಳ ಮೇಲೆ ಕಾಫಿ ಅಂಗಡಿಯ ಕಂಪನಿಯೊಂದು ಬಂತು. ಸ್ಕೈವಾಕಿನ ಗುಡಿಸುವ ತೊಳೆಯುವ ಖರ್ಚೆಲ್ಲ ನಾವೇ ನೋಡಿಕೊಳ್ಳುತ್ತೇವೆ, ನಡುವಿನ ಅಗಲ ಜಾಗ ನಮಗೆ ಕೊಡಿ ಎಂದಿತು. ನಗರಸಭೆ ಕೊಟ್ಟಿತು. ಗಂಟು ಹೊತ್ತವರು ಓಡಾಡಿದರೆ ಗಿರಾಕಿಗಳಿಗೆ ಕಿರಿಕಿರಿ ಎಂದಿತು ಕಂಪನಿ. ನಗರಸಭೆ ಅದಕ್ಕೂ ಹೂಂ ಎಂದಿತು. ಸರ್ ನನ್ನ ಮೇಜಿನ ಬಳಿ ಬಂದು ನಿಂತರು.

"ಆ ಹೊರೆ ಇಳಿಸುವ ಕಟ್ಟೆ ಅಂತ ಇದೆಯಲ್ಲ, ಅದನ್ನ ತೆಗೆದು ಕಾಫಿ ಕಟ್ಟೆ ಅಂತ ಬರೀರಿ."

"ಅವರಿಗೆ ಮಾತು ಕೊಟ್ಟಿದ್ದೀರಲ್ಲ ಸರ್?"

"ಹೇಳಿದಷ್ಟು ಮಾಡಿ."

ಮಾಡಿದೆ. ಪದ ಬದಲಿಸಲು ಹೇಳಿದರು, ಪದ ಬದಲಿಸಿದೆ. ಸಂಖ್ಯೆ ಬದಲಿಸಲು ಯಾರೂ ಹೇಳಲಿಲ್ಲ. ಕಾಫಿ ಕುಡಿಯುವ ಕಟ್ಟೆ ನಾಲ್ಕೂವರೆ ಅಡಿ ಇರಬಾರದು ಎಂದು ನನಗೆ ಗೊತ್ತಿತ್ತು, ಆದರೆ ತಲೆ ಓಡಿಸುವುದು ನನ್ನ ಕೆಲಸವಲ್ಲವಲ್ಲ. ಧೈರ್ಯದಿಂದ ಬಿಟ್ಟೆನೋ ಮೊಂಡುತನದಿಂದ ಬಿಟ್ಟೆನೋ ಈಗಲೂ ಹೇಳಲಾರೆ. ಸರ್ ಸಹಿ ಹಾಕಿದರು, ನಗರಸಭೆ ಮೊಹರು ಹಾಕಿತು. ಗುತ್ತಿಗೆದಾರನ ಕಡೆಯವರು ನಕ್ಷೆಯಲ್ಲಿದ್ದ ಹಾಗೇ ಕಾಂಕ್ರೀಟು ಸುರಿದರು. ಅಷ್ಟು ಜನರ ಕೈ ದಾಟಿತು, ಒಬ್ಬರೂ ಆ ಸಂಖ್ಯೆ ಓದಲಿಲ್ಲ.

ಮನೆಯಲ್ಲಿ ನಾನು ತುಟಿ ಪಿಟಕ್ಕೆನ್ನಲಿಲ್ಲ. ಅದಕ್ಕೆ ಬೇರೆ ಹೆಸರಿಲ್ಲ, ಹೇಡಿತನ. ಬೇಲಿ ಬಂತು, ಸ್ಕೈವಾಕ್ ಬಂತು. ಉದ್ಘಾಟನೆಯ ಫಲಕದಲ್ಲಿ ಹದಿನಾಲ್ಕು ಹೆಸರಿದ್ದವು, ಅತ್ತೆಯವರದು ಇರಲಿಲ್ಲ. ಇಳಿಜಾರಿನ ತುದಿಯಲ್ಲಿ ಹಸಿರು ಫಲಕ: 'ಹೊರೆ ಹೊತ್ತವರಿಗೆ ಪ್ರವೇಶವಿಲ್ಲ.' ಕುಳ್ಳಿ ಅದನ್ನು ಅಕ್ಷರ ಕೂಡಿಸಿ ಓದಿ ಹೇಳಿದಳಂತೆ. ಇಪ್ಪತ್ಮೂರು ಜನ ಅಲ್ಲಿಂದಲೇ ಹಿಂದಿರುಗಿ, ಬಿಸಿಲಿನಲ್ಲಿ ಸಿಗ್ನಲ್ ಸುತ್ತತೊಡಗಿದರು. ಮೊದಲ ದಿನವೇ ಲೆಕ್ಕ ಹಾಕಿದಂತೆ ಒಂಬತ್ತು ಸಲ. ಕುಳ್ಳಿ ಎರಡು ಸಲ ದಾರಿಯಲ್ಲೇ ಕುಸಿದಳು.

ಅವತ್ತಿನಿಂದ ಅತ್ತೆಯವರು ನನ್ನ ಜೊತೆ ಮಾತು ಬಿಟ್ಟರು. ಊಟಕ್ಕೆ ಬಡಿಸುತ್ತಿದ್ದರು, ಆದರೆ ಮಗಳ ಕಡೆ ನೋಡಿಕೊಂಡು, "ನಿನ್ನ ಗಂಡನಿಗೆ ಸಾರು ಬೇಕಾ ಕೇಳು" ಎನ್ನುತ್ತಿದ್ದರು. ನಾನು ಎರಡು ಅಡಿ ದೂರದಲ್ಲಿ ಕೂತು, ಬೇಕು ಅಂತ ಹೇಳು ಎನ್ನುತ್ತಿದ್ದೆ. ಹೆಂಡತಿಗೆ ಇಬ್ಬರ ನಡುವೆ ಟೆಲಿಫೋನ್ ಆಗಿ ಸಾಕಾಗಿಹೋಯಿತು.

ಇತ್ತ ಕಾಫಿ ಅಂಗಡಿ ಶುರುವಾಗಿತ್ತು. ಮೊದಲ ದಿನ ಗಿರಾಕಿಗಳು ಕಟ್ಟೆಯ ಮುಂದೆ ನಿಂತರು. ಗಂಡಸರಿಗೆ ಕಟ್ಟೆ ಹೆಗಲಿಗೆ ಬಂತು, ಹೆಂಗಸರಿಗೆ ಗಲ್ಲಕ್ಕೆ ಬಂತು. ಕುರ್ಚಿ ಹಾಕಿ ಕೂತವರಿಗೆ ಕಟ್ಟೆ ಆಕಾಶದಲ್ಲಿತ್ತು. ಸೂಟು ತೊಟ್ಟ ಒಬ್ಬರು ತುದಿಗಾಲಲ್ಲಿ ನಿಂತು ಲೋಟದೊಳಗೆ ಇಣುಕಿದ್ದನ್ನು ನಾನೇ ಕಂಡೆ. ಕಟ್ಟೆಯ ಹಿಂದಿನ ಗೋಡೆಗೆ ಕಂಪನಿಯವರು ಅತ್ತೆಯವರ ಅದೇ ಚಿತ್ರವನ್ನು ಆಳೆತ್ತರ ದೊಡ್ಡದು ಮಾಡಿ ಹಾಕಿದ್ದರು. ಅಂಗಡಿಗೆ ಒಂದು ಕಳೆ ಬರುತ್ತದಂತೆ. ತಲೆಯ ಮೇಲೆ ಗಂಟು ಹೊತ್ತ ಅತ್ತೆ, ಕೆಳಗೆ ಕತ್ತು ನಿಮಿರಿಸಿ ಕಾಫಿ ಹೀರುವ ಜನ.

ಒಂದು ವಾರಕ್ಕೆ ಕಂಪನಿಯವರು ಸರ್ ಮೇಲೆ ಎಗರಿದರು. ಸರ್ ನನ್ನ ಮೇಲೆ ಎಗರಿದರು. ಈ ಸಂಖ್ಯೆ ಯಾರು ಬರೆದದ್ದು ಎಂದರು. ನೀವೇ ಅಳೆದದ್ದು ಸರ್ ಎಂದೆ. ಅವರು ಮುಖ ಗಂಟಿಕ್ಕಿಕೊಂಡು, ನಾಳೆ ಹತ್ತು ಗಂಟೆಗೆ ಸೀಮೆಸುಣ್ಣ ತಗೊಂಡು ಸ್ಕೈವಾಕಿಗೆ ಬನ್ನಿ, ಕಟ್ಟೆಯನ್ನು ಒಂದು ಅಡಿ ಕೊರೆಸಬೇಕು, ಗೆರೆ ಹಾಕಿಕೊಡಿ ಎಂದರು.

ಮರುದಿನ ಬೆಳಿಗ್ಗೆ ಅತ್ತೆ ಸಿಂಬೆ ಸುತ್ತುತ್ತಿದ್ದರು. ನಾನು ಹೆಂಡತಿಯ ಮುಖ ನೋಡದೆ ನೇರವಾಗಿ ಅವರಿಗೇ ಹೇಳಿದೆ.

"ಅತ್ತೆ, ಕಟ್ಟೆ ಇದೆ. ಹೆಸರು ಮಾತ್ರ ಬದಲಾಯಿಸಿದಾರೆ. ಇವತ್ತು ಹತ್ತು ಗಂಟೆಗೆ ಕೊರೆಯೋಕೆ ಗೆರೆ ಹಾಕ್ತಾರೆ."

ಅವರು ಇಡೀ ಮೈಯನ್ನು ನನ್ನ ಕಡೆ ತಿರುಗಿಸಿದರು. "ಎತ್ತರ ಎಷ್ಟಿದೆ?"

"ನಾಲ್ಕೂವರೆ."

ಅವರು ಸಿಂಬೆ ಕಂಕುಳಲ್ಲಿ ಇಟ್ಟುಕೊಂಡು, ತಿಂಡಿಯನ್ನೂ ತಿನ್ನದೆ ಹೊರಟುಹೋದರು.

ಹತ್ತು ಗಂಟೆಗೆ ನಾನು ಮತ್ತು ಸರ್ ಕಟ್ಟೆಯ ಮುಂದೆ ನಿಂತಿದ್ದೆವು. ನಾನಿನ್ನೂ ಟೇಪು ಬಿಚ್ಚಿರಲಿಲ್ಲ. ಇಳಿಜಾರಿನ ತುದಿಯಲ್ಲಿ ಬಿಳಿಯ ಗಂಟೊಂದು ಮೇಲೆದ್ದಿತು, ಅದರ ಕೆಳಗೆ ಅತ್ತೆಯವರ ಮುಖ, ಹಿಂದೆ ಇನ್ನೊಂದು ಗಂಟು, ಅದರ ಹಿಂದೆ ಮತ್ತೊಂದು. ಕಾವಲಿನವನು ಅಡ್ಡ ಬಂದು ಹಸಿರು ಫಲಕ ತೋರಿಸಿದ. ಅತ್ತೆ ಕಾಫಿ ಅಂಗಡಿಯ ಗೋಡೆಯತ್ತ ಕಣ್ಣಾಡಿಸಿದರು.

"ಅಲ್ಲೊಬ್ಬಳು ಗಂಟು ಹೊತ್ಕೊಂಡೇ ಒಳಗೆ ನಿಂತಿದಾಳಲ್ಲಪ್ಪ. ಮೊದ್ಲು ಅವಳನ್ನ ಆಚೆ ಕಳ್ಸು. ಆಮೇಲೆ ನಾನೂ ಹೋಗ್ತೀನಿ."

ಕಾವಲಿನವನು ಗೋಡೆ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಗೋಡೆ ನೋಡಿದ. ಅವನು ಪಕ್ಕಕ್ಕೆ ಸರಿದ.

ಅತ್ತೆ ಕಟ್ಟೆಯ ಹತ್ತಿರ ಬಂದು ಮಂಡಿಯನ್ನು ಒಂದಿಷ್ಟೇ ಬಗ್ಗಿಸಿದರು. ಗಂಟು ತಲೆಯಿಂದ ಕಟ್ಟೆಯ ಮೇಲೆ ಸರಿಯಿತು. ಯಾರ ಕೈಯೂ ಬೇಕಾಗಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವರು ನಡುದಾರಿಯಲ್ಲಿ ಹೊರೆ ಇಳಿಸಿ ನಿಂತಿದ್ದರು. ಎರಡೂ ಕೈ ಹಿಂದಕ್ಕೆ ಹಾಕಿ ಆರಾಮವಾಗಿ ಬೆನ್ನು ತುರಿಸಿಕೊಂಡರು. ಗಂಟುಗಳು ಒಂದಾದ ಮೇಲೊಂದು ಬಂದು ಕೂತವು. ಗಿರಾಕಿಗಳು ಲೋಟ ಎತ್ತಿಕೊಂಡು ಸರಿದರು. ಒಬ್ಬ ಹುಡುಗಿ ತನ್ನ ನೀರಿನ ಬಾಟಲಿಯನ್ನು ಅತ್ತೆಯವರ ಮುಂದೆ ಹಿಡಿದಳು.

ಸರ್ ಮುಖ ಕೆಂಪಗಾಗಿತ್ತು. ಇದು ಕಾಫಿ ಕಟ್ಟೆ, ಗಂಟು ತೆಗೆಯಿರಿ ಎಂದರು. ಹೊತ್ತು ಸುಸ್ತಾಗಿದೆ, ಬೇಕಾದರೆ ನೀವೇ ತೆಗೀರಿ ಎಂದಳು ಒಬ್ಬಳು. ಸರ್ ನಿಜಕ್ಕೂ ಒಂದು ಗಂಟಿಗೆ ಕೈ ಹಾಕಿದರು. ಗಂಟು ಮಿಸುಕಲಿಲ್ಲ. ಯಾರೂ ನಗಲಿಲ್ಲ, ನಕ್ಕಿದ್ದರೆ ಅವರಿಗೇ ಹಗುರವಾಗುತ್ತಿತ್ತು.

ಎಲ್ಲರಿಗಿಂತ ಹಿಂದೆ ಬಂದ ಕುಳ್ಳಿ ತನ್ನ ಗಂಟು ಇಳಿಸಿ, ಕಟ್ಟೆಗೆ ಮುಖ ಮಾಡಿ, ಅಂಚಿಗೆ ತಾಗಿಕೊಂಡು ನೆಟ್ಟಗೆ ನಿಂತಳು. ಕಟ್ಟೆಯ ಅಂಚು ಅವಳ ಹುಬ್ಬಿಗೆ ಸರಿಯಾಗಿ ಕೂತಿತು.

"ಈ ಅಳತೆ ನಂದು ಸಾರ್. ನೀವೇ ಟೇಪು ಹಿಡಿದಿದ್ರಿ, ಮರೆತ್ರಾ?"

ಸರ್ ಅವಳನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದ್ದೀರಿ, ಬಂದ ಕೆಲಸ ಮಾಡಿ. ಗೆರೆ ಎಳೀರಿ" ಎಂದರು.

ನಾನು ಸೀಮೆಸುಣ್ಣ ತೆಗೆದು ಕಟ್ಟೆಯ ಮುಂಭಾಗದ ಮೇಲೆ ಗೆರೆ ಎಳೆದೆ. ಒಂದು ಅಡಿ ಕೆಳಗಲ್ಲ, ಅಂಚಿನ ಉದ್ದಕ್ಕೂ, ಕುಳ್ಳಿಯ ಹುಬ್ಬಿನ ಮಟ್ಟದಲ್ಲಿ. ಈಗ ಹೇಳಿದ್ದು ಗೆರೆ ಎಳೀರಿ ಅಂತ ಅಷ್ಟೇ, ಎಲ್ಲಿ ಅಂತಲ್ಲ. ಆರು ವರ್ಷದಲ್ಲಿ ಮೊದಲ ಸಲ ಹೇಳದೇ ಇದ್ದದ್ದನ್ನೂ ಮಾಡಿದೆ. ಗೆರೆಯ ಕೆಳಗೆ ಮೊಳದುದ್ದದ ಅಕ್ಷರಗಳಲ್ಲಿ ಬರೆಯತೊಡಗಿದೆ. ಸರ್ ಹಿಂದಿನಿಂದ, ನಾಳೆಯಿಂದ ಕಚೇರಿಗೆ ಬರಬೇಡಿ ಎಂದರು. ಅಕ್ಷರ ಮುಗಿಯುವವರೆಗೂ ನಾನು ತಿರುಗಲಿಲ್ಲ.

ಅತ್ತೆಯವರಿಗೆ ಓದು ಬಾರದು. ಇಷ್ಟು ದಿನಗಳ ಮೇಲೆ ಮೊದಲಿನ ಸಲಿಗೆಯಲ್ಲೇ ನನ್ನನ್ನು ನೋಡಿ ಕೇಳಿದರು.

"ಏನಂತ ಬರೆದ್ರಿ ಅಳಿಯಂದಿರೇ?"

"ಹೊರೆ ಇಳಿಸುವ ಕಟ್ಟೆ," ಎಂದೆ, ಕೆಳಗಿನ ರಸ್ತೆಯವರಿಗೂ ಕೇಳುವಷ್ಟು ಗಟ್ಟಿಯಾಗಿ.